ನರರೋಗಿಗಳ ಚಿಕಿತ್ಸೆಗೆ ಫಿಸಿಯೋಥೆರಪಿ ವಿದ್ಯಾರ್ಥಿಗಳ ತರಬೇತಿ ಮತ್ತು ಗ್ರಾಮ ಪಂಚಾಯತಿಗಳ ಪಾತ್ರ



ಪಾರ್ಶ್ವವಾಯುವಿಗೆ ತುತ್ತಾದ ವ್ಯಕ್ತಿಯೊಬ್ಬರು ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಊರಿಗೆ ಮರಳುತ್ತಾರೆ. ಪ್ರಾಣಾಪಾಯ ಕಳೆದಿರುತ್ತದೆ. ಬಿಡುಗಡೆ ಪತ್ರದಲ್ಲಿ ಔಷಧಿಗಳ ಪಟ್ಟಿಯ ಕೆಳಗೆ ‘ಫಿಸಿಯೋಥೆರಪಿ ಮುಂದುವರಿಸುವುದು’ ಎಂಬ ಒಂದು ಸಾಲು ಇರುತ್ತದೆ. ಯಾವ ವ್ಯಾಯಾಮ, ದಿನಕ್ಕೆ ಎಷ್ಟು ಬಾರಿ, ಮಾಡಿಸುವವರು ಯಾರು ಎಂಬ ಪ್ರಶ್ನೆಗಳಿಗೆ ಆ ಸಾಲಿನಲ್ಲಿ ಉತ್ತರವಿರುವುದಿಲ್ಲ. ಮನೆಯವರು ತಮಗೆ ತಿಳಿದಂತೆ ಎಣ್ಣೆ ಹಚ್ಚಿ ನೀವುತ್ತಾರೆ. ಸೋತ ಕೈಯನ್ನು ಹಿಡಿದು ಎಬ್ಬಿಸಿ ಕೂರಿಸುತ್ತಾರೆ. ಕೆಲವು ತಿಂಗಳುಗಳಲ್ಲಿ ಕೈ ಮುಷ್ಟಿಗಟ್ಟಿ ಎದೆಗೆ ಅಂಟಿಕೊಳ್ಳುತ್ತದೆ, ಪಾದ ಕೆಳಮುಖವಾಗಿ ಬಿಗಿಯುತ್ತದೆ, ಪಡಸಾಲೆಯ ಮೂಲೆಯ ಹಾಸಿಗೆಯೇ ಅವರ ಖಾಯಂ ಸ್ಥಾನವಾಗುತ್ತದೆ. ತಮ್ಮ ವಾರ್ಡಿನಲ್ಲಿ ಇಂತಹ ಒಂದಾದರೂ ಮನೆಯನ್ನು ಕಾಣದ ಸದಸ್ಯರು ವಿರಳ.

ಆಸ್ಪತ್ರೆಗೂ ಆ ಮೂಲೆಯ ಹಾಸಿಗೆಗೂ ನಡುವೆ ಇರುವ ಅಂತರವನ್ನು ತುಂಬಬಲ್ಲವರು ನರರೋಗಗಳಲ್ಲಿ ಸರಿಯಾಗಿ ತರಬೇತಿ ಪಡೆದ ಫಿಸಿಯೋಥೆರಪಿಸ್ಟರು, ಅರ್ಥಾತ್ ಭೌತಚಿಕಿತ್ಸಕರು. ಅವರು ಹೇಗೆ ತಯಾರಾಗುತ್ತಾರೆ, ಆ ತಯಾರಿಯ ಒಂದು ಭಾಗ ಗ್ರಾಮಗಳಲ್ಲಿಯೇ ಏಕೆ ನಡೆಯಬೇಕು, ಅದಕ್ಕಾಗಿ ಗ್ರಾಮ ಪಂಚಾಯತಿಗಳು ಏನು ಮಾಡಬಹುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

ನರರೋಗ ಮತ್ತು ಫಿಸಿಯೋಥೆರಪಿ

ಮೆದುಳು, ಬೆನ್ನುಹುರಿ ಹಾಗೂ ಅವುಗಳಿಂದ ದೇಹದಾದ್ಯಂತ ಹರಡಿರುವ ನರಗಳಿಗೆ ತಗಲುವ ರೋಗಗಳನ್ನು ಒಟ್ಟಾಗಿ ನರರೋಗಗಳೆಂದು ಕರೆಯಲಾಗುತ್ತದೆ. ಲಕ್ವ ಎಂದು ಜನರು ಕರೆಯುವ ಪಾರ್ಶ್ವವಾಯು, ಅಡಿಕೆ ಅಥವಾ ತೆಂಗಿನ ಮರದಿಂದ ಬಿದ್ದು ಆಗುವ ಬೆನ್ನುಹುರಿಯ ಪೆಟ್ಟು, ಅಪಘಾತದಲ್ಲಿ ತಲೆಗೆ ಬೀಳುವ ಏಟು, ಮಕ್ಕಳಲ್ಲಿ ಕಂಡುಬರುವ ಸೆರೆಬ್ರಲ್ ಪಾಲ್ಸಿ, ವಯಸ್ಸಾದವರಲ್ಲಿ ಕೈನಡುಕ ಮತ್ತು ನಡಿಗೆಯ ತೊಡಕು ತರುವ ಪಾರ್ಕಿನ್ಸನ್ ಕಾಯಿಲೆ, ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಕ್ಷೀಣಿಸುವ ಮಸ್ಕ್ಯುಲರ್ ಡಿಸ್ಟ್ರೋಫಿ ಮುಂತಾದವುಗಳಲ್ಲಿ ಫಿಸಿಯೋಥೆರಪಿ ಅಗತ್ಯವಾಗುತ್ತದೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ ಕಾಯಿಲೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಹಾಗೂ ಇತರ ದೀರ್ಘಕಾಲಿಕ ನರಸಂಬಂಧಿ ಸ್ಥಿತಿಗಳು ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರಲ್ಲಿ ಗುರುತಿಸಲಾದ 21 ಬಗೆಯ ವೈಕಲ್ಯಗಳಲ್ಲಿ ಸೇರಿವೆ ಎಂಬುದನ್ನು ಸದಸ್ಯರು ಗಮನಿಸುವುದು.

ಮೂಳೆ ಮುರಿದವರಿಗೆ ಕೊಡುವ ಚಿಕಿತ್ಸೆಗೂ ನರರೋಗಿಗೆ ಕೊಡುವ ಚಿಕಿತ್ಸೆಗೂ ಮೂಲಭೂತ ವ್ಯತ್ಯಾಸವಿದೆ. ಕಾಲು ಮುರಿದವರಿಗೆ ನಡೆಯುವುದು ಹೇಗೆಂಬುದು ಗೊತ್ತಿರುತ್ತದೆ. ಮೂಳೆ ಕೂಡಿದ ಮೇಲೆ ಸ್ನಾಯುವಿಗೆ ಬಲ ಬಂದರೆ ಸಾಕು. ಪಾರ್ಶ್ವವಾಯು ಆದವರಲ್ಲಿ ಸ್ನಾಯು ಹಾಗೆಯೇ ಇರುತ್ತದೆ. ಅದಕ್ಕೆ ಆಜ್ಞೆ ಕೊಡುವ ಮೆದುಳಿನ ಭಾಗಕ್ಕೆ ಹಾನಿಯಾಗಿರುತ್ತದೆ. ಸತ್ತ ನರಕೋಶಗಳು ಮರಳಿ ಹುಟ್ಟುವುದಿಲ್ಲವಾದರೂ ಉಳಿದ ಕೋಶಗಳು ತಮ್ಮ ನಡುವೆ ಹೊಸ ಸಂಪರ್ಕಗಳನ್ನು ಬೆಳೆಸಿಕೊಂಡು ಕಳೆದುಹೋದ ಕೆಲಸದ ಸ್ವಲ್ಪ ಭಾಗವನ್ನು ವಹಿಸಿಕೊಳ್ಳಬಲ್ಲವು. ಈ ಮರುಕಲಿಕೆ ತಾನಾಗಿ ಪೂರ್ಣವಾಗುವುದಿಲ್ಲ. ಲೋಟ ಹಿಡಿಯುವುದನ್ನು ಕಲಿಯಬೇಕಾದರೆ ಲೋಟವನ್ನೇ ನೂರಾರು ಬಾರಿ ಹಿಡಿದು ಅಭ್ಯಾಸ ಮಾಡಬೇಕು. ಎದ್ದು ನಿಲ್ಲುವುದನ್ನು ಕಲಿಯಬೇಕಾದರೆ ಎದ್ದು ನಿಲ್ಲುವುದನ್ನೇ ಅಭ್ಯಾಸ ಮಾಡಬೇಕು. ಪಾರ್ಶ್ವವಾಯುವಿನ ನಂತರದ ಮೊದಲ ಮೂರು ತಿಂಗಳಲ್ಲಿ ಚೇತರಿಕೆಯ ವೇಗ ಹೆಚ್ಚು. ನಂತರ ಅದು ನಿಧಾನವಾಗುತ್ತದೆ. ಆದುದರಿಂದ ‘ಸ್ವಲ್ಪ ಶಕ್ತಿ ಬರಲಿ, ಆಮೇಲೆ ನೋಡೋಣ’ ಎಂದು ಕಾಯುವ ಮನೆಗಳಲ್ಲಿ ಅತ್ಯಂತ ಬೆಲೆಬಾಳುವ ಸಮಯವೇ ವ್ಯರ್ಥವಾಗುತ್ತದೆ.

ಅಮೆರಿಕದಲ್ಲಿ 222 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಇಲ್ಲಿ ಉದಾಹರಿಸಬಹುದು. ಪಾರ್ಶ್ವವಾಯು ಆಗಿ ಮೂರರಿಂದ ಒಂಬತ್ತು ತಿಂಗಳಾದ ರೋಗಿಗಳ ಸರಿಯಾದ ಕೈಗೆ ಕೈಚೀಲ ತೊಡಿಸಿ, ಸೋತ ಕೈಯಿಂದಲೇ ಕೆಲಸಗಳನ್ನು ಎರಡು ವಾರ ತೀವ್ರವಾಗಿ ಅಭ್ಯಾಸ ಮಾಡಿಸಲಾಯಿತು. ಆ ಕೈಯ ಬಳಕೆ ಗಣನೀಯವಾಗಿ ಸುಧಾರಿಸಿತು. ಆದರೆ ಮಣಿಕಟ್ಟು ಮತ್ತು ಬೆರಳುಗಳಲ್ಲಿ ಸ್ವಲ್ಪವಾದರೂ ಚಲನೆ ಉಳಿದಿರುವವರಿಗೆ ಮಾತ್ರ ಈ ವಿಧಾನ ಅನ್ವಯಿಸುತ್ತದೆ. ಯಾರಿಗೆ ಯಾವುದು, ಯಾವಾಗ, ಎಷ್ಟು ಎಂಬುದನ್ನು ನಿರ್ಧರಿಸುವುದೇ ಈ ವಿದ್ಯೆಯ ತಿರುಳು.

ವಿದ್ಯಾರ್ಥಿಗಳು ಏನನ್ನು ಕಲಿಯುತ್ತಾರೆ

ಫಿಸಿಯೋಥೆರಪಿ ಪದವಿಯನ್ನು ಬಿ.ಪಿ.ಟಿ. ಎಂದು ಕರೆಯಲಾಗುತ್ತದೆ. ರಾಜ್ಯದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಇದು ನಾಲ್ಕು ವರ್ಷಗಳ ವ್ಯಾಸಂಗ ಹಾಗೂ ಆರು ತಿಂಗಳ ಇಂಟರ್ನ್‌ಶಿಪ್ ಆಗಿ ನಡೆದುಬಂದಿದೆ. 2021ರ ರಾಷ್ಟ್ರೀಯ ಕಾಯ್ದೆಯ ಮೂಲಕ ರಚನೆಯಾದ ಸಹವರ್ತಿ ಮತ್ತು ಆರೋಗ್ಯ ವೃತ್ತಿಗಳ ಆಯೋಗವು ರೂಪಿಸಿರುವ ಹೊಸ ಪಠ್ಯಕ್ರಮದಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಒಟ್ಟು ಐದು ವರ್ಷಗಳಾಗುತ್ತವೆ. ಆರಂಭದಲ್ಲಿ ಅಂಗರಚನೆ, ಶರೀರಕ್ರಿಯೆ, ವ್ಯಾಯಾಮ ಚಿಕಿತ್ಸೆಯ ವಿಷಯಗಳಿದ್ದು, ಮುಂದಿನ ವರ್ಷಗಳಲ್ಲಿ ನರರೋಗ ಶಾಸ್ತ್ರ, ನರರೋಗಗಳ ಫಿಸಿಯೋಥೆರಪಿ ಹಾಗೂ ಸಮುದಾಯ ಆಧಾರಿತ ಪುನರ್ವಸತಿ ವಿಷಯಗಳು ಬರುತ್ತವೆ.

ಪುಸ್ತಕದ ಓದು ಇದರ ಒಂದು ಭಾಗ ಮಾತ್ರ. ನರರೋಗಿಗಳಿಗೆ ಚಿಕಿತ್ಸೆ ನೀಡಲು ವಿದ್ಯಾರ್ಥಿಯ ಕಣ್ಣು, ಕೈ ಮತ್ತು ಮಾತು ಮೂರೂ ಪಳಗಬೇಕಾಗುತ್ತದೆ.

ಮೊದಲನೆಯದು ನೋಡುವ ಕಣ್ಣು. ರೋಗಿಯು ಎದ್ದು ನಿಲ್ಲುವಾಗ ಭಾರ ಯಾವ ಕಾಲಿನ ಮೇಲೆ ಬೀಳುತ್ತದೆ, ಹೆಜ್ಜೆ ಎತ್ತುವಾಗ ಸೊಂಟ ಏಕೆ ಮೇಲೇರುತ್ತದೆ, ತಟ್ಟೆಯ ಎಡಭಾಗದ ಅನ್ನವನ್ನು ಏಕೆ ಬಿಟ್ಟಿದ್ದಾರೆ ಎಂಬುದನ್ನು ಗುರುತಿಸಲು ವಿದ್ಯಾರ್ಥಿ ಕಲಿಯುತ್ತಾರೆ. ಮೆದುಳಿನ ಬಲಭಾಗಕ್ಕೆ ಹಾನಿಯಾದವರಲ್ಲಿ ಕೆಲವರಿಗೆ ಎಡಗಡೆಯ ಜಗತ್ತೇ ಗಮನಕ್ಕೆ ಬಾರದು. ಅದು ದೃಷ್ಟಿದೋಷವೂ ಅಲ್ಲ, ಹಟವೂ ಅಲ್ಲ. ಕಂಡದ್ದನ್ನು ಅಳೆದು ದಾಖಲಿಸುವ ಕ್ರಮಗಳೂ ಇವೆ. ಉದಾಹರಣೆಗೆ, ಸಮತೋಲನವನ್ನು ಅಳೆಯುವ ಬರ್ಗ್ ಮಾಪನದಲ್ಲಿ 14 ಚಟುವಟಿಕೆಗಳಿದ್ದು, ಪ್ರತಿಯೊಂದಕ್ಕೂ ಗರಿಷ್ಠ 4ರಂತೆ ಒಟ್ಟು 56 ಅಂಕಗಳಿರುತ್ತವೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂಬುದು ಇನ್ನೊಂದು ಸರಳ ಪರೀಕ್ಷೆ. ತಿಂಗಳ ನಂತರ ಅದೇ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಸುಧಾರಣೆ ಆಗಿದೆಯೋ ಇಲ್ಲವೋ ಎಂಬುದು ಅಂದಾಜಿಗೆ ಬಿಡದೆ ಅಂಕಿಯಲ್ಲಿ ಗೊತ್ತಾಗುತ್ತದೆ.

ಎರಡನೆಯದು ಹಿಡಿಯುವ ಕೈ. ಬಿಗಿದ ಸ್ನಾಯುವನ್ನು ನಿಧಾನವಾಗಿ ಚಾಚುವುದು, ಸೋತ ಭುಜಕ್ಕೆ ಆಧಾರ ಕೊಡುವುದು, ರೋಗಿಯು ಬೀಳದಂತೆ ಕಾಯುತ್ತಲೇ ಅವರ ಪ್ರಯತ್ನಕ್ಕೆ ಅವಕಾಶ ಬಿಡುವುದು ಚಿತ್ರ ನೋಡಿ ಬರುವ ವಿದ್ಯೆಗಳಲ್ಲ. ವಿದ್ಯಾರ್ಥಿಗಳು ಇವನ್ನು ಮೊದಲು ಪರಸ್ಪರರ ಮೇಲೆ ಅಭ್ಯಾಸ ಮಾಡಿ, ಬಳಿಕ ಅಧ್ಯಾಪಕರ ಕಣ್ಣೆದುರಿನಲ್ಲಿ ರೋಗಿಗಳ ಬಳಿ ಮಾಡುತ್ತಾರೆ. ಎಲ್ಲಿ ಸಹಾಯ ನಿಲ್ಲಿಸಬೇಕು ಎಂಬುದನ್ನು ಕಲಿಯುವುದು ಇಲ್ಲಿ ಅತ್ಯಂತ ಕಠಿಣ. ಅತಿಯಾಗಿ ಸಹಾಯ ಮಾಡಿದರೆ ರೋಗಿಯ ಮೆದುಳು ಏನನ್ನೂ ಕಲಿಯುವುದಿಲ್ಲ. ಕಡಿಮೆ ಮಾಡಿದರೆ ರೋಗಿ ಬೀಳುತ್ತಾರೆ.

ಮೂರನೆಯದು ಮಾತು. ಪಾರ್ಶ್ವವಾಯುವಿನಿಂದ ಮಾತು ನಿಂತವರಿಗೆ ಬುದ್ಧಿಯೂ ನಿಂತಿದೆ ಎಂದು ತಿಳಿಯುವುದು ಸಾಮಾನ್ಯವಾಗಿ ಆಗುವ ತಪ್ಪು. ಅವರೊಡನೆ ಚಿಕ್ಕ ವಾಕ್ಯಗಳಲ್ಲಿ, ಸನ್ನೆ ಸಹಿತ, ಉತ್ತರಕ್ಕೆ ಕಾದು ಮಾತನಾಡಬೇಕು. ಪಾರ್ಕಿನ್ಸನ್ ರೋಗಿಯ ಕಾಲು ಬಾಗಿಲಲ್ಲಿ ನೆಲಕ್ಕೆ ಅಂಟಿದಂತೆ ನಿಂತುಬಿಟ್ಟಾಗ ಎಳೆಯಬಾರದು. ನೆಲದ ಮೇಲೆ ಎಳೆದ ಒಂದು ಗೆರೆ ಅಥವಾ ಚಪ್ಪಾಳೆಯ ತಾಳ ಹೆಜ್ಜೆ ಎತ್ತಲು ನೆರವಾಗುತ್ತದೆ. ಇಂತಹ ಸಂಗತಿಗಳನ್ನು ಮನೆಯವರಿಗೆ ಅವರ ಆಡುಮಾತಿನಲ್ಲಿ ತಿಳಿಸಿ, ಮಾಡಿ ತೋರಿಸಿ, ಅವರಿಂದ ಮಾಡಿಸಿ ನೋಡುವವರೆಗೆ ವಿದ್ಯಾರ್ಥಿಯ ಕೆಲಸ ಮುಗಿದಂತಲ್ಲ.

ಇವುಗಳ ಜೊತೆಗೆ ಅಪಾಯದ ಅರಿವೂ ಇರಬೇಕು. ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾದವರಲ್ಲಿ ಮೂತ್ರಕೋಶ ತುಂಬಿದಂತಹ ಕಾರಣದಿಂದಲೇ ರಕ್ತದೊತ್ತಡ ಹಠಾತ್ತನೆ ಏರಿ, ವಿಪರೀತ ತಲೆನೋವು ಮತ್ತು ಬೆವರು ಕಾಣಿಸಬಹುದು. ಆಗ ವ್ಯಾಯಾಮ ನಿಲ್ಲಿಸಿ, ಅವರನ್ನು ಎತ್ತಿ ಕೂರಿಸಿ, ಕಾರಣವನ್ನು ನಿವಾರಿಸಿ, ತಕ್ಷಣ ವೈದ್ಯರಿಗೆ ತಿಳಿಸಬೇಕು. ಹೆಚ್ಚು ಮಾಡಿದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಸರಿಯಲ್ಲ. ಐದು ದೇಶಗಳ 2,104 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪಾರ್ಶ್ವವಾಯು ಆದ 24 ಗಂಟೆಗಳೊಳಗೆ ರೋಗಿಯನ್ನು ಪದೇ ಪದೇ ಎಬ್ಬಿಸಿ ನಡೆಸುವ ತೀವ್ರ ಕ್ರಮದಿಂದ ಫಲಿತಾಂಶ ಉತ್ತಮವಾಗುವ ಬದಲು ಕುಂದಿತು. ಬೇಗ ಆರಂಭಿಸಬೇಕು ಎಂಬುದು ನಿಜ. ಆದರೆ ಆ ‘ಬೇಗ’ ಎಷ್ಟು ಎಂಬುದನ್ನು ತಿಳಿದವರೇ ನಿರ್ಧರಿಸಬೇಕು.

ಗ್ರಾಮದಲ್ಲಿಯೇ ತರಬೇತಿ ಏಕೆ

ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಯಲ್ಲಿ ನರರೋಗಿಗಳ ಪುನರ್ವಸತಿಗೆಂದೇ ವಿಭಾಗವಿದೆ. ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯ ಸರ್ಕಾರವು 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮದ ಮೂಲಕ ನರರೋಗಗಳ ಪತ್ತೆ ಮತ್ತು ಚಿಕಿತ್ಸೆಯನ್ನು ಜಿಲ್ಲಾ ಆಸ್ಪತ್ರೆಗಳ ಮಟ್ಟಕ್ಕೆ ತರುವ ಕೆಲಸ ನಡೆದಿದೆ. ಆದರೆ ಆಸ್ಪತ್ರೆಯಲ್ಲಿ ಕಲಿತದ್ದು ಹಳ್ಳಿಯ ಮನೆಗೆ ಹಾಗೆಯೇ ಹೊಂದುವುದಿಲ್ಲ.

ಆಸ್ಪತ್ರೆಯಲ್ಲಿ ವಿದ್ಯಾರ್ಥಿಯು ರೋಗಿಯನ್ನು ಮಂಚದಿಂದ ಗಾಲಿಕುರ್ಚಿಗೆ ಸ್ಥಳಾಂತರಿಸಲು ಕಲಿಯುತ್ತಾರೆ. ಹಳ್ಳಿಯ ಮನೆಯಲ್ಲಿ ಮಂಚವೇ ಇಲ್ಲದಿರಬಹುದು. ನೆಲದ ಚಾಪೆಯಿಂದ ರೋಗಿಯನ್ನು ಎಬ್ಬಿಸಬೇಕು. ಗಾಲಿಕುರ್ಚಿ ಎತ್ತರದ ಹೊಸ್ತಿಲನ್ನು ದಾಟದು. ಶೌಚಾಲಯ ಹಿತ್ತಿಲಿನಲ್ಲಿದ್ದು ಕುಕ್ಕರುಗಾಲಿನಲ್ಲಿ ಕೂರಬೇಕಾದದ್ದು. ಊಟ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ. ಅಂಗಳ ಏರುತಗ್ಗು, ಮಳೆಗಾಲದಲ್ಲಿ ಜಾರು. ನಯವಾದ ನೆಲದ ಮೇಲೆ ಕಂಬಿಗಳ ನಡುವೆ ನಡೆಯಲು ಕಲಿತ ರೋಗಿಯು ತಮ್ಮದೇ ಕೊಟ್ಟಿಗೆಯವರೆಗೆ ಹೋಗಲಾರರು. ಇವೆಲ್ಲವನ್ನೂ ಕಣ್ಣಾರೆ ಕಂಡು, ಮನೆಯಲ್ಲಿರುವ ಸ್ಟೂಲು, ಹಗ್ಗ, ಗೋಡೆ, ತೊಲೆಗಳನ್ನೇ ಬಳಸಿ ಉಪಾಯ ಹುಡುಕಿದ ವಿದ್ಯಾರ್ಥಿ ಮಾತ್ರ ಹಳ್ಳಿಯ ರೋಗಿಗೆ ಉಪಯುಕ್ತ ಚಿಕಿತ್ಸಕರಾಗಬಲ್ಲರು. ಚಿಕಿತ್ಸೆಯ ಗುರಿಯೂ ಇಲ್ಲಿ ಬೇರೆಯಾಗುತ್ತದೆ. ‘20 ಮೀಟರ್ ನಡೆಯುವುದು’ ಎಂಬುದರ ಬದಲು ‘ಯಾರ ನೆರವೂ ಇಲ್ಲದೆ ಶೌಚಾಲಯಕ್ಕೆ ಹೋಗಿ ಬರುವುದು’ ಎಂಬುದು ಗುರಿಯಾಗುತ್ತದೆ. ರೋಗಿಯ ಮರ್ಯಾದೆಯೂ ಆರೈಕೆ ಮಾಡುವ ಮನೆಯ ಹೆಣ್ಣುಮಕ್ಕಳ ಶ್ರಮವೂ ಆ ಒಂದು ಗುರಿಯಲ್ಲಿ ಅಡಗಿವೆ.

ಮನೆಯವರೇ ಕಲಿತು ಮಾಡಿಸಿದರೆ ಸಾಲದೆ?

ಈ ಪ್ರಶ್ನೆ ಸಹಜವಾದುದು. ಭಾರತದಲ್ಲಿಯೇ ಇದನ್ನು ಪರೀಕ್ಷಿಸಿ ನೋಡಲಾಗಿದೆ. ದೇಶದ 14 ಆಸ್ಪತ್ರೆಗಳ 1,250 ಪಾರ್ಶ್ವವಾಯು ರೋಗಿಗಳನ್ನು ಒಳಗೊಂಡ ‘ಅಟೆಂಡ್’ ಎಂಬ ಅಧ್ಯಯನದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ರೋಗಿಗಳ ಕುಟುಂಬದವರಿಗೆ ಆಸ್ಪತ್ರೆಯಲ್ಲಿಯೇ ವ್ಯಾಯಾಮದ ತರಬೇತಿ ಆರಂಭಿಸಿ, ಮನೆಗೆ ಹೋದ ನಂತರ ಎರಡು ತಿಂಗಳವರೆಗೆ ಮುಂದುವರಿಸಲಾಯಿತು. ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆಯಷ್ಟೇ ದೊರೆಯಿತು. ಆರು ತಿಂಗಳ ನಂತರ ಮೃತಪಟ್ಟವರು ಅಥವಾ ಪರಾವಲಂಬಿಗಳಾಗಿ ಉಳಿದವರ ಪ್ರಮಾಣ ಎರಡೂ ಗುಂಪುಗಳಲ್ಲಿ ಶೇ. 47ರಷ್ಟೇ ಇತ್ತು.

ಕುಟುಂಬದ ಆರೈಕೆ ವ್ಯರ್ಥ ಎಂದು ಇದರಿಂದ ಅರ್ಥೈಸಬಾರದು. ದಿನದ 24 ಗಂಟೆಯೂ ರೋಗಿಯ ಬಳಿ ಇರುವವರು ಮನೆಯವರೇ. ಆದರೆ ಅವರಿಗೆ ಒಮ್ಮೆ ಕಲಿಸಿ ಕೈತೊಳೆದುಕೊಂಡರೆ ತಜ್ಞರ ಕೊರತೆ ನೀಗಿತು ಎಂದು ಭಾವಿಸುವಂತಿಲ್ಲ. ರೋಗಿಯ ಸ್ಥಿತಿ ವಾರದಿಂದ ವಾರಕ್ಕೆ ಬದಲಾಗುತ್ತದೆ. ಮೊದಲ ವಾರಕ್ಕೆ ಸರಿಯಾದ ವ್ಯಾಯಾಮ ಆರನೆಯ ವಾರಕ್ಕೆ ಸಾಲದಾಗುತ್ತದೆ. ಮತ್ತೆ ಮತ್ತೆ ಬಂದು ನೋಡಿ, ಅಳೆದು, ತಿದ್ದುವ ಪಳಗಿದ ಕೈ ಬೇಕೇಬೇಕು. ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ಅಂತಿಮ ವರ್ಷದ ವಿದ್ಯಾರ್ಥಿಗಳು ಮತ್ತು ಇಂಟರ್ನ್‌ಗಳು ಈ ಕೊಂಡಿಯಾಗಬಲ್ಲರು.

ಅದುವರೆಗೆ ಮನೆಗಳಲ್ಲಿ ಆಗುವ ಹಾನಿಯನ್ನಾದರೂ ತಡೆಯಲು ಕೆಳಕಂಡ ಅಂಶಗಳನ್ನು ಆಶಾ ಕಾರ್ಯಕರ್ತೆಯರ ಮೂಲಕ ಜನರಿಗೆ ತಿಳಿಸುವುದು:

1. ಪಾರ್ಶ್ವವಾಯು ಆದವರನ್ನು ಸೋತ ಕೈ ಹಿಡಿದು ಎಳೆದು ಎಬ್ಬಿಸಬಾರದು. ಭುಜದ ಕೀಲು ಜಾರಿ ಶಾಶ್ವತ ನೋವು ಉಳಿಯಬಹುದು.
2. ತಾವಾಗಿ ಹೊರಳಲಾಗದವರ ಮಗ್ಗುಲನ್ನು ಹಗಲು ರಾತ್ರಿ ಎನ್ನದೆ ಸುಮಾರು ಎರಡು ಗಂಟೆಗೊಮ್ಮೆ ಬದಲಿಸಬೇಕು. ಇಲ್ಲವಾದಲ್ಲಿ ಒತ್ತಡದ ಹುಣ್ಣುಗಳಾಗುತ್ತವೆ.
3. ಮಲಗಿಸಿ ಊಟ, ನೀರು ಕೊಡಬಾರದು. ನುಂಗುವಾಗ ಕೆಮ್ಮು ಬಂದರೆ ಕೊಡುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.
4. ಸ್ಪರ್ಶಜ್ಞಾನ ಇಲ್ಲದ ಕೈಕಾಲುಗಳಿಗೆ ಬಿಸಿನೀರಿನ ಚೀಲ ಅಥವಾ ಕಾವು ಕೊಡಬಾರದು. ಸುಟ್ಟರೂ ಅವರಿಗೆ ತಿಳಿಯದು.
5. ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಕಂಡ ಕೂಡಲೇ ಸೂಕ್ತ ಸೌಲಭ್ಯವುಳ್ಳ ಆಸ್ಪತ್ರೆಗೆ ಸಾಗಿಸಬೇಕು. ರಕ್ತನಾಳದ ಹೆಪ್ಪನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಮಾತ್ರ ಕೊಡಲಾಗುತ್ತದೆ.

ಪಾಲಿಸಬೇಕಾದ ಶಿಸ್ತು

ವಿದ್ಯಾರ್ಥಿಗಳಿಗೆ ಕಲಿಕೆಯ ಅವಕಾಶ ಕೊಡುವುದೆಂದರೆ ರೋಗಿಗಳನ್ನು ಪ್ರಯೋಗಕ್ಕೆ ಒಡ್ಡುವುದಲ್ಲ. ಈ ಎಚ್ಚರ ಪಂಚಾಯತಿಗೆ ಸದಾ ಇರಬೇಕು. ವಿದ್ಯಾರ್ಥಿಗಳು ಅರ್ಹ ಅಧ್ಯಾಪಕರು ಅಥವಾ ಫಿಸಿಯೋಥೆರಪಿಸ್ಟರ ಮೇಲ್ವಿಚಾರಣೆಯಲ್ಲಿಯೇ ಚಿಕಿತ್ಸೆ ನೀಡತಕ್ಕದ್ದು. ತಾವು ವಿದ್ಯಾರ್ಥಿಗಳೆಂದು ಮೊದಲೇ ತಿಳಿಸಿ, ರೋಗಿಯ ಒಪ್ಪಿಗೆ ಪಡೆಯತಕ್ಕದ್ದು. ‘ಬೇಡ’ ಎನ್ನುವ ಹಕ್ಕು ರೋಗಿಗೆ ಇದ್ದೇ ಇದೆ. ಮಹಿಳಾ ರೋಗಿಗಳ ಬಳಿ ಮಹಿಳಾ ವಿದ್ಯಾರ್ಥಿನಿ ಅಥವಾ ಮನೆಯ ಮಹಿಳೆಯರು ಹಾಜರಿರುವುದು ಸೂಕ್ತ. ಅನುಮತಿಯಿಲ್ಲದೆ ರೋಗಿಯ ಛಾಯಾಚಿತ್ರ ತೆಗೆಯಕೂಡದು.

ಎಲ್ಲಕ್ಕಿಂತ ಮುಖ್ಯವಾದುದು ನಿರಂತರತೆ. ವರ್ಷಕ್ಕೊಮ್ಮೆ ಶಾಮಿಯಾನ ಹಾಕಿ, ಒಂದೇ ದಿನ ಇನ್ನೂರು ಜನರನ್ನು ತಪಾಸಣೆ ಮಾಡಿ ಮುಗಿಸುವ ಶಿಬಿರದಿಂದ ನರರೋಗಿಗಳಿಗೆ ಆಗುವ ಪ್ರಯೋಜನ ಅತ್ಯಲ್ಪ. ಹತ್ತು ರೋಗಿಗಳ ಮನೆಗೆ ವಾರಕ್ಕೊಮ್ಮೆಯಂತೆ ಮೂರು ತಿಂಗಳು ಬರುವ ವ್ಯವಸ್ಥೆ ಅದಕ್ಕಿಂತ ಎಷ್ಟೋ ಮೇಲು. ಒಂದು ತಂಡದ ವಿದ್ಯಾರ್ಥಿಗಳು ಹೊರಟಾಗ ಪ್ರತಿ ರೋಗಿಯ ದಾಖಲೆ ಪುಸ್ತಕವನ್ನು ಮುಂದಿನ ತಂಡಕ್ಕೆ ಹಸ್ತಾಂತರಿಸಬೇಕು. ಅದರ ಒಂದು ಪ್ರತಿ ರೋಗಿಯ ಮನೆಯಲ್ಲಿಯೇ ಇರಬೇಕು.

ಗ್ರಾಮ ಪಂಚಾಯತಿಗಳು ಕೈಗೊಳ್ಳಬಹುದಾದ ಕ್ರಮಗಳು

1. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮತ್ತು ಆಶಾ ಕಾರ್ಯಕರ್ತೆಯರ ನೆರವಿನಿಂದ ವ್ಯಾಪ್ತಿಯಲ್ಲಿರುವ ನರರೋಗಿಗಳ ಪಟ್ಟಿ ಸಿದ್ಧಪಡಿಸುವುದು. ಕಳೆದ ಆರು ತಿಂಗಳಲ್ಲಿ ಪಾರ್ಶ್ವವಾಯು ಅಥವಾ ಬೆನ್ನುಹುರಿಯ ಪೆಟ್ಟಿಗೆ ಒಳಗಾದವರನ್ನು ಪ್ರತ್ಯೇಕವಾಗಿ ಗುರುತಿಸುವುದು. ಅವರ ವಿಷಯದಲ್ಲಿ ವಿಳಂಬ ಸಲ್ಲದು. ಈ ಪಟ್ಟಿಯನ್ನು ಗೋಪ್ಯವಾಗಿಡುವುದು.

2. ಜಿಲ್ಲೆಯ ಅಥವಾ ನೆರೆ ಜಿಲ್ಲೆಯ ಫಿಸಿಯೋಥೆರಪಿ ಕಾಲೇಜಿಗೆ ಪಂಚಾಯತಿಯ ಠರಾವಿನೊಂದಿಗೆ ಪತ್ರ ಬರೆದು, ಸಮುದಾಯ ಆಧಾರಿತ ಪುನರ್ವಸತಿ ವಿಷಯದ ಕ್ಷೇತ್ರ ತರಬೇತಿಯನ್ನು ತಮ್ಮ ವ್ಯಾಪ್ತಿಯಲ್ಲಿ ನಡೆಸಲು ಆಹ್ವಾನಿಸುವುದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಗಮನಕ್ಕೆ ತಂದ ನಂತರವೇ ಮನೆ ಭೇಟಿ ಆರಂಭಿಸುವುದು.

3. ವಾರದಲ್ಲಿ ಒಂದು ದಿನ ಬಳಸಲು ಗಾಳಿ ಬೆಳಕುಳ್ಳ ಒಂದು ಕೋಣೆ, ಎರಡು ಚಾಪೆ, ಗಟ್ಟಿಯಾದ ಕುರ್ಚಿ, ಗೋಡೆಗೆ ಅಳವಡಿಸಿದ ಹಿಡಿಗಂಬಿ ಒದಗಿಸಿದರೆ ಸಾಕು. ದುಬಾರಿ ಯಂತ್ರಗಳ ಅಗತ್ಯವಿಲ್ಲ.

4. ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡಬೇಕಾದ ಶೇ. 5ರ ನಿಧಿಯ ಕ್ರಿಯಾಯೋಜನೆಯಲ್ಲಿ, ನಿಯಮಾನುಸಾರ, ಊರುಗೋಲು, ವಾಕರ್, ಶೌಚಾಲಯದ ಹಿಡಿಗಂಬಿ, ಇಳಿಜಾರು ದಾರಿ ಮುಂತಾದವುಗಳನ್ನು ಪರಿಗಣಿಸುವುದು. ಇಳಿಜಾರು ದಾರಿಯ ಪ್ರಮಾಣ 1:12 ಇರತಕ್ಕದ್ದು. ಅಂದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಇದಕ್ಕಿಂತ ಕಡಿದಾದ ಇಳಿಜಾರು ಗಾಲಿಕುರ್ಚಿಯಲ್ಲಿರುವವರಿಗೆ ಅಪಾಯಕಾರಿ. ಸಾಧನವನ್ನು ಕೊಡುವ ಮುನ್ನ ಅದು ಆ ವ್ಯಕ್ತಿಗೆ ಹೊಂದುತ್ತದೆಯೇ ಎಂದು ಫಿಸಿಯೋಥೆರಪಿಸ್ಟರಿಂದ ಅಳತೆ ಮಾಡಿಸುವುದು.

5. ನಡೆಯುವುದು, ಕೂರುವುದು ತಡವಾಗಿರುವ ಮಕ್ಕಳನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಲು ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಕ್ರಮ ವಹಿಸುವುದು. ಅರ್ಹರಿಗೆ ವಿಶಿಷ್ಟ ಗುರುತಿನ ಚೀಟಿ ದೊರಕಿಸಲು ನೆರವಾಗುವುದು.

6. ವಿಕಲಚೇತನರ ಸಮನ್ವಯ ಗ್ರಾಮ ಸಭೆಯಲ್ಲಿ ಈ ಕಾರ್ಯದ ಪ್ರಗತಿಯನ್ನು ಮಂಡಿಸುವುದು. ಎಷ್ಟು ಶಿಬಿರ ನಡೆಯಿತು ಎಂಬುದರ ಬದಲು, ಹಾಸಿಗೆ ಹಿಡಿದಿದ್ದವರಲ್ಲಿ ಎಷ್ಟು ಮಂದಿ ಈಗ ತಾವಾಗಿ ಎದ್ದು ಕೂರುತ್ತಾರೆ, ಎಷ್ಟು ಮಂದಿ ಶೌಚಾಲಯಕ್ಕೆ ಹೋಗಿ ಬರುತ್ತಾರೆ ಎಂಬುದನ್ನು ಲೆಕ್ಕ ಇಡುವುದು.

ನರರೋಗಿಗಳೆಲ್ಲರೂ ಮೊದಲಿನಂತಾಗುತ್ತಾರೆ ಎಂಬ ಭರವಸೆಯನ್ನು ಯಾರೂ ಕೊಡಲಾಗದು. ಕೆಲವು ರೋಗಗಳಲ್ಲಿ ಸ್ಥಿತಿ ಇನ್ನಷ್ಟು ಹದಗೆಡದಂತೆ ಕಾಪಾಡುವುದೇ ಚಿಕಿತ್ಸೆಯ ಗುರಿಯಾಗಿರುತ್ತದೆ. ಆದರೆ ತಡೆಯಬಹುದಾಗಿದ್ದ ಬಿಗಿತ, ತಡೆಯಬಹುದಾಗಿದ್ದ ಹುಣ್ಣು, ಗಳಿಸಬಹುದಾಗಿದ್ದ ನಾಲ್ಕು ಹೆಜ್ಜೆ ಇವುಗಳನ್ನು ಕಳೆದುಕೊಳ್ಳುವುದು ರೋಗದ ಫಲವಲ್ಲ, ನಮ್ಮ ಉಪೇಕ್ಷೆಯ ಫಲ. ಇಂದು ತಮ್ಮ ಊರಿನ ಚಾಪೆಯ ಬಳಿ ಕುಳಿತು ಕಲಿತ ವಿದ್ಯಾರ್ಥಿಯು ನಾಳೆ ಎಲ್ಲಿ ಕೆಲಸಕ್ಕೆ ಸೇರಿದರೂ ಹಳ್ಳಿಯ ರೋಗಿಯ ಅಗತ್ಯವೇನೆಂಬುದನ್ನು ತಿಳಿದಿರುತ್ತಾರೆ. ಆದುದರಿಂದ ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಿ ಚರ್ಚಿಸಲು, ಮೊದಲ ಹೆಜ್ಜೆಯಾಗಿ ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನಲ್ಲಿ ಹಾಸಿಗೆ ಹಿಡಿದಿರುವವರ ಮನೆಗಳಿಗೆ ಖುದ್ದಾಗಿ ಭೇಟಿ ನೀಡಲು ಈ ಮೂಲಕ ಕೋರಲಾಗಿದೆ.